ಗ್ಲಾಸಿನ ನೀರು ಕಂದಾಗುವುದೇಕೆ? ನಮ್ಮ ಅಡುಗೆಮನೆಯ ಅಯಾನುಗಳು

ಹೋಟೆಲ್ ನಡೆಸುವ ನಮ್ಮ ಬಂಧುಗಳಲ್ಲಿ ಹೆಚ್ಚಿನವರು ಈ ಪ್ರದರ್ಶನವನ್ನು ಒಮ್ಮೆಯಾದರೂ ಕಂಡಿರಬಹುದು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಗಲ್ಲಾದಲ್ಲಿ ಕುಳಿತವರಿಗೆ ಸ್ವಲ್ಪ ಬಿಡುವು ಸಿಗುವ ಹೊತ್ತಿಗೆ ಸರಿಯಾಗಿ ನೀರು ಶುದ್ಧೀಕರಣ ಯಂತ್ರ ಮಾರುವ ಯುವಕನೊಬ್ಬ ಬರುತ್ತಾನೆ. ಎರಡು ಗ್ಲಾಸು ಕೇಳುತ್ತಾನೆ. ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನು ತಂದ ಆರ್.ಓ. ನೀರು. ಲೋಹದ ಸರಳುಗಳಿರುವ ಒಂದು ಸಣ್ಣ ಸಾಧನವನ್ನು ಎರಡೂ ಗ್ಲಾಸಿಗೆ ಇಳಿಸಿ ಪ್ಲಗ್ಗು ಹಾಕುತ್ತಾನೆ. ಒಂದು ನಿಮಿಷ ಆಗುವುದರೊಳಗೆ ನಮ್ಮ ನೀರು ಹಳದಿಯಾಗಿ, ಆಮೇಲೆ ಕಂದಾಗಿ, ಕೆಸರಿನಂತೆ ಕಾಣುತ್ತದೆ. ಅವನ ನೀರು ಹಾಗೇ ಇರುತ್ತದೆ. "ನೋಡಿ ಸೇಟ್, ಇಷ್ಟು ಹೊಲಸನ್ನು ನೀವು ಗಿರಾಕಿಗೆ ಕುಡಿಸುತ್ತಿದ್ದೀರಿ" ಎಂದು ಹೇಳುತ್ತಾನೆ. ಟೇಬಲಿನಲ್ಲಿ ಕುಳಿತ ಒಬ್ಬಿಬ್ಬರು ಗಿರಾಕಿಗಳು ತಿರುಗಿ ನೋಡುತ್ತಾರೆ. ಆಗ ಮಾಲೀಕನಾದವನಿಗೆ ಹೇಗಾಗಬೇಡ?

ಆ ಹೊಲಸು ನೀರಿನದ್ದಲ್ಲ, ಸರಳಿನದ್ದು. ಕಬ್ಬಿಣದ ಸರಳು ಕರಗಿ ನೀರಿಗೆ ಇಳಿದಿದೆ, ಅಷ್ಟೇ. ಆದರೆ ಲೋಹ ನೀರಿಗೆ ಇಳಿಯುವುದೆಂದರೇನು ಎಂಬುದು ತಿಳಿಯದಿದ್ದರೆ ಆ ಯುವಕನಿಗೆ ಉತ್ತರ ಕೊಡಲಾಗದು. ತಾಮ್ರದ ಪಾತ್ರೆಗೆ ಕಲಾಯಿ ಏಕೆ ಬೇಕು, ಇಡ್ಲಿ ಸ್ಟೀಮರಿನಲ್ಲಿ ಬಿಳಿ ಕಲ್ಲು ಏಕೆ ಕಟ್ಟುತ್ತದೆ, ಪಾರ್ಸೆಲಿನ ಫಾಯಿಲ್ ಏಕೆ ತೂತಾಗುತ್ತದೆ, ಇವಕ್ಕೂ ಉತ್ತರ ಅದೇ ಒಂದು ವಿಷಯದಲ್ಲಿದೆ. ಅದಕ್ಕಾಗಿ ಈ ತಿಂಗಳು ತೆರಿಗೆ, ಲೈಸೆನ್ಸು, ಗ್ಯಾಸಿನ ಬೆಲೆ ಮುಂತಾದವನ್ನು ಬದಿಗಿಟ್ಟು ಅಯಾನು ಎಂಬ ವಸ್ತುವಿನ ಬಗ್ಗೆ ಬರೆಯುತ್ತಿದ್ದೇವೆ.

ನಮ್ಮಲ್ಲಿ ಹಲವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತಾ ಹತ್ತನೇ ಇಯತ್ತೆ ಮುಗಿಸಿದವರು. ನಾವೂ ಹಾಗೆಯೇ. ಅಲ್ಲಿ ಮಾಸ್ತರರು ಬೋರ್ಡಿನ ಮೇಲೆ ಬರೆದ ಸೋಡಿಯಂ, ಕ್ಲೋರಿನ್‌ಗಳ ಚಿತ್ರ ಪರೀಕ್ಷೆಯ ಮರುದಿನವೇ ಮರೆತುಹೋಯಿತು ಎಂದು ನಾವು ತಿಳಿದಿದ್ದೆವು. ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ ಆ ಚಿತ್ರ ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ.

ಉಪ್ಪಿನಿಂದ ಆರಂಭಿಸೋಣ

ಯಾವುದೇ ವಸ್ತುವಿನ ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಬೀಜವಿದೆ. ಅದರ ಸುತ್ತ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು ಪದರ ಪದರವಾಗಿವೆ. ಎರಡೂ ಸಮವಾಗಿರುವುದರಿಂದ ಪರಮಾಣುವಿಗೆ ಒಟ್ಟಿನಲ್ಲಿ ಯಾವ ವಿದ್ಯುತ್ತೂ ಇರುವುದಿಲ್ಲ. ಎಲ್ಲಕ್ಕಿಂತ ಹೊರಗಿನ ಪದರದಲ್ಲಿರುವ ಎಲೆಕ್ಟ್ರಾನುಗಳಿಗೆ ವೇಲೆನ್ಸ್ ಎಲೆಕ್ಟ್ರಾನು ಎಂದು ಹೆಸರು. ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಸಾಮಾನ್ಯವಾಗಿ ಇವುಗಳದ್ದೇ. ಒಳಗಿನವು ತಿಜೋರಿಯ ಹಣದಂತೆ ಭದ್ರ, ಹೊರಗಿನವು ಗಲ್ಲಾದ ಚಿಲ್ಲರೆಯಂತೆ ಓಡಾಡುವಂಥವು.

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು. ಒಳಗಿನಿಂದ ಎಣಿಸಿದರೆ 2, 8, ಕೊನೆಯಲ್ಲಿ ಒಂದೇ ಒಂದು. ಕ್ಲೋರಿನ್‌ನಲ್ಲಿ 17, ಅಂದರೆ 2, 8, 7. ಸೋಡಿಯಂ ತನ್ನ ಕೊನೆಯ ಒಂದನ್ನು ಕಳೆದುಕೊಂಡರೆ 2, 8 ಉಳಿಯುತ್ತದೆ. ಕ್ಲೋರಿನ್ ಒಂದನ್ನು ಪಡೆದರೆ 2, 8, 8 ಆಗುತ್ತದೆ. ಹೊರಗೆ ಎಂಟು ಇರುವ ಈ ಏರ್ಪಾಡು ಗಟ್ಟಿಯಾದದ್ದು. ಒಂದು ಎಲೆಕ್ಟ್ರಾನು ಕಳೆದುಕೊಂಡ ಸೋಡಿಯಂನಲ್ಲಿ ಈಗ ಧನ ವಿದ್ಯುತ್ತು ಒಂದು ಹೆಚ್ಚು. ಒಂದನ್ನು ಪಡೆದ ಕ್ಲೋರಿನ್‌ನಲ್ಲಿ ಋಣ ವಿದ್ಯುತ್ತು ಒಂದು ಹೆಚ್ಚು. ಹೀಗೆ ಲೆಕ್ಕ ತಪ್ಪಿದ ಪರಮಾಣುವನ್ನೇ ಅಯಾನು ಎನ್ನುತ್ತಾರೆ.

ಇದರಲ್ಲಿ ಏನು ದೊಡ್ಡ ವಿಷಯ ಎಂದು ಕೇಳಬಹುದು. ಗುಣವೇ ಬದಲಾಗುತ್ತದೆ ಎಂಬುದೇ ದೊಡ್ಡ ವಿಷಯ. ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ, ನೀರು ತಾಗಿದರೆ ಬೆಂಕಿ ಹತ್ತುವಷ್ಟು ಉಗ್ರ. ಕ್ಲೋರಿನ್ ಅನಿಲವೋ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟ ವಿಷ ಅದೇ. ಇವೆರಡರ ನಡುವೆ ಒಂದು ಎಲೆಕ್ಟ್ರಾನು ಕೈ ಬದಲಾಯಿಸಿದರೆ ಸಿಗುವುದು ನಮ್ಮ ಅಡುಗೆಯ ಉಪ್ಪು. ಅದಿಲ್ಲದೆ ಭಟ್ಟರ ಯಾವ ಸಾರೂ ನಡೆಯುವುದಿಲ್ಲ.

"ಸೋಡಿಯಂಗೆ ಕೊಡುವ ಆಸೆ, ಕ್ಲೋರಿನ್‌ಗೆ ಪಡೆಯುವ ಆಸೆ" ಎಂದು ಶಾಲೆಯಲ್ಲಿ ಹೇಳಿಕೊಡುವುದುಂಟು. ಲೆಕ್ಕ ನೋಡಿದರೆ ಅಷ್ಟು ಸರಳವಲ್ಲ. ಸೋಡಿಯಂನಿಂದ ಆ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು 100 ರೂಪಾಯಿಯ ಶಕ್ತಿ ಖರ್ಚಾಗುತ್ತದೆ ಎಂದು ಇಟ್ಟುಕೊಳ್ಳಿ. ಕ್ಲೋರಿನ್ ಅದನ್ನು ಪಡೆದಾಗ ಹಿಂದಿರುಗಿ ಬರುವುದು ಸುಮಾರು 70 ರೂಪಾಯಿ ಮಾತ್ರ. ಅಲ್ಲಿಗೆ 30 ನಷ್ಟ. ಇಷ್ಟಕ್ಕೇ ನಿಂತರೆ ಉಪ್ಪೇ ಆಗುತ್ತಿರಲಿಲ್ಲ. ಆದರೆ ಧನ, ಋಣ ಅಯಾನುಗಳು ಒಂದನ್ನೊಂದು ಸೆಳೆದು, ಪ್ರತಿಯೊಂದರ ಸುತ್ತ ಎದುರು ಜಾತಿಯ ಆರು ನಿಂತು ಹರಳು ಕಟ್ಟಿದಾಗ ಸುಮಾರು 160 ರೂಪಾಯಿ ಬರುತ್ತದೆ. ಸೋಡಿಯಂ ಲೋಹವನ್ನು ಬಿಡಿಸುವುದು, ಕ್ಲೋರಿನ್ ಜೋಡಿಯನ್ನು ಒಡೆಯುವುದು ಮುಂತಾದ ಖರ್ಚನ್ನು ಕಳೆದರೂ 80 ಚಿಲ್ಲರೆ ಲಾಭ. ಉಪ್ಪಿನ ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಚೌಕ ಚೌಕವಾಗಿ ಕಾಣುವುದು ಈ ಜೋಡಣೆಯಿಂದಲೇ.

ಇನ್ನು, ಸೋಡಿಯಂ ಎರಡನೆಯ ಎಲೆಕ್ಟ್ರಾನನ್ನು ಏಕೆ ಬಿಡುವುದಿಲ್ಲ? ಅದು ಒಳ ಪದರದ್ದು. ಅದನ್ನು ಕೀಳಲು ಮೊದಲನೆಯದರ ಸುಮಾರು 9 ಪಟ್ಟು ಶಕ್ತಿ ಬೇಕು. ಯಾವ ವ್ಯಾಪಾರಕ್ಕೂ ಅದು ಗಿಟ್ಟುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಹೊರ ಪದರದಲ್ಲಿ ಎರಡು ಇವೆ, ಅವು ಎರಡು ಕಳೆದುಕೊಳ್ಳುತ್ತವೆ. ಅಲ್ಯೂಮಿನಿಯಂನಲ್ಲಿ ಮೂರು, ಅದು ಮೂರು ಕಳೆದುಕೊಳ್ಳುತ್ತದೆ. ತಾಮ್ರ, ಕಬ್ಬಿಣಗಳ ಲೆಕ್ಕ ಇಷ್ಟು ನೇರವಲ್ಲ. ಕಬ್ಬಿಣ ಮೊದಲು ಎರಡು ಕಳೆದುಕೊಂಡು, ಗಾಳಿಯ ಆಮ್ಲಜನಕ ಸಿಕ್ಕರೆ ಮೂರನೆಯದನ್ನೂ ಕಳೆದುಕೊಳ್ಳುತ್ತದೆ. ಆಗ ಆಗುವುದೇ ಕಂದು ಬಣ್ಣದ ತುಕ್ಕು.

ಅಯಾನು ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಮೈಕಲ್ ಫ್ಯಾರಡೆ, 1834ರಲ್ಲಿ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ "ಹೋಗುವುದು". ಕಮ್ಮಾರನ ಮಗ, ಹೆಚ್ಚು ಶಾಲೆ ಕಾಣದವರು, ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಾ ಅದೇ ಪುಸ್ತಕಗಳನ್ನು ಓದಿ ವಿಜ್ಞಾನಿಯಾದವರು. ಆಗ ಎಲೆಕ್ಟ್ರಾನು ಎಂಬುದೇ ಗೊತ್ತಿರಲಿಲ್ಲ, ಅದು ಪತ್ತೆಯಾದದ್ದು 1897ರಲ್ಲಿ, ಜೆ. ಜೆ. ಥಾಮ್ಸನ್ ಅವರಿಂದ. ಉಪ್ಪು ನೀರಿನಲ್ಲಿ ಕರಗಿದೊಡನೆ ಅಯಾನುಗಳಾಗಿ ಬೇರೆಯಾಗುತ್ತದೆ ಎಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರ ಸುಮಾರಿಗೆ ಹೇಳಿದಾಗ ಅವರ ವಿಶ್ವವಿದ್ಯಾಲಯದವರು ಆ ಪ್ರಬಂಧಕ್ಕೆ ಕೆಳದರ್ಜೆಯ ಅಂಕ ಕೊಟ್ಟು ಕಳುಹಿಸಿದರು. 1903ರಲ್ಲಿ ಅದಕ್ಕೇ ನೊಬೆಲ್ ಬಂತು. ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ಮಕ್ಕಳ ತಂದೆ ತಾಯಂದಿರು ನೆನಪಿಟ್ಟುಕೊಳ್ಳಬಹುದು.

ಈಗ ಆ ಯುವಕನಿಗೆ ಉತ್ತರ

ತೀರಾ ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ ಎನ್ನುವಷ್ಟು ಕಡಿಮೆ. ವಿದ್ಯುತ್ತನ್ನು ಹೊತ್ತೊಯ್ಯುವುದು ನೀರಿನಲ್ಲಿ ಕರಗಿದ ಅಯಾನುಗಳು. ಮೋರಿಯ ಒದ್ದೆ ನೆಲದಲ್ಲಿ ನಿಂತು ಹರಿದ ವಯರು ಮುಟ್ಟಿದ ಹುಡುಗನಿಗೆ ಶಾಕ್ ಜೋರಾಗಿ ಹೊಡೆಯುವುದಕ್ಕೂ ಆ ನೀರಿನಲ್ಲಿರುವ ಉಪ್ಪು, ಸೋಪುಗಳ ಅಯಾನು ಒಂದು ಕಾರಣ. ನಲ್ಲಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್ ಮುಂತಾದ ಅಯಾನುಗಳು ಇದ್ದೇ ಇರುತ್ತವೆ. ಹಾಗಾಗಿ ಸರಳಿಗೆ ಕರೆಂಟ್ ಕೊಟ್ಟಾಗ ನೀರಿನಲ್ಲಿ ಅದು ಹರಿಯುತ್ತದೆ. ಕಬ್ಬಿಣದ ಸರಳಿನಿಂದ ಎಲೆಕ್ಟ್ರಾನುಗಳು ತಂತಿಯ ಕಡೆಗೆ ಎಳೆಯಲ್ಪಡುತ್ತವೆ, ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣ ಅಯಾನಾಗಿ ನೀರಿಗೆ ಇಳಿಯುತ್ತದೆ, ಅಲ್ಲಿ ತುಕ್ಕಾಗಿ ಕೆಸರು ಕಟ್ಟುತ್ತದೆ. ಆರ್.ಓ. ನೀರಿನಲ್ಲಿ ಅಯಾನುಗಳು ಕಡಿಮೆ, ಕರೆಂಟ್ ಹರಿಯುವುದು ಕಡಿಮೆ, ಸರಳು ಕರಗುವುದೂ ಕಡಿಮೆ.

ಆದ್ದರಿಂದ ಮುಂದಿನ ಸಲ ಬಂದಾಗ ಅವನ ಆರ್.ಓ. ನೀರಿನ ಗ್ಲಾಸಿಗೆ ಎರಡು ಚಿಟಿಕೆ ಉಪ್ಪು ಹಾಕಿ ಕಲಸಿ, ಮತ್ತೆ ಪ್ಲಗ್ಗು ಹಾಕಲು ಹೇಳಿ. ಅದೂ ಕಂದಾಗುತ್ತದೆ. ಉಪ್ಪು ಹೊಲಸೇ ಎಂದು ಅವನನ್ನೇ ಕೇಳಿ. ಸಾಧನವನ್ನು ಮಾತ್ರ ನಾವು ಮುಟ್ಟುವುದು ಬೇಡ, ಅವನ ಕೈಯಲ್ಲೇ ಇರಲಿ.

ಆರ್.ಓ. ಯಂತ್ರ ಬೇಡವೆಂದು ಇದರ ಅರ್ಥವಲ್ಲ. ಚೆನ್ನೈ, ಹೈದರಾಬಾದ್ ಕಡೆ ಬೋರ್‌ವೆಲ್ ನೀರನ್ನು ನೆಚ್ಚಿಕೊಂಡ ನಮ್ಮ ಬಂಧುಗಳಿಗೆ ಅದಿಲ್ಲದೆ ನಡೆಯುವುದಿಲ್ಲ. ಮುಂಬಯಿಯ ಮಹಾನಗರಪಾಲಿಕೆಯ ಕೆರೆ ನೀರಿಗೂ ಟ್ಯಾಂಕರಿನಲ್ಲಿ ಬರುವ ಬೋರಿನ ನೀರಿಗೂ ಬಹಳ ವ್ಯತ್ಯಾಸವಿದೆ. ಯಾವುದು ಬೇಕೆಂದು ಲ್ಯಾಬಿನ ವರದಿ ನೋಡಿ ನಿರ್ಧರಿಸಬೇಕು, ಕೆಸರು ನೋಡಿ ಅಲ್ಲ. ಅವನ ಕಿಸೆಯಲ್ಲಿರುವ ಟಿ.ಡಿ.ಎಸ್. ಮೀಟರ್ ಕೂಡ ಮಾಡುವುದು ಇಷ್ಟೇ: ನೀರಿನಲ್ಲಿ ಎಷ್ಟು ಕರೆಂಟ್ ಹರಿಯಿತೆಂದು ನೋಡಿ, ಅಯಾನು ಎಷ್ಟಿರಬಹುದೆಂದು ಅಂದಾಜು ಹೇಳುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ, ಐ.ಎಸ್. 10500, ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿಗೆ ಕೊಡುತ್ತದೆ, ಬೇರೆ ನೀರಿಲ್ಲದ ಕಡೆ 2000ದವರೆಗೆ ಬಿಡುತ್ತದೆ. ಆದರೆ ಆ ಅಯಾನು ಕ್ಯಾಲ್ಸಿಯಂನದೋ ಸೀಸದ್ದೋ ಎಂದು ಮೀಟರಿಗೆ ಗೊತ್ತಾಗದು. ಕಾಮಾಲೆ, ಭೇದಿ ತರುವ ರೋಗಾಣು ಇದ್ದರಂತೂ ಅದು ಸುಮ್ಮನೇ ಇರುತ್ತದೆ.

ತಾಮ್ರ, ಹಿತ್ತಾಳೆ ಮತ್ತು ಹುಳಿ

ನಮ್ಮ ಅಭಿಪ್ರಾಯದಲ್ಲಿ ನೀರಿಗಿಂತ ದೊಡ್ಡ ಚಿಂತೆ ಪಾತ್ರೆಗಳದ್ದು. ಕೆಲವು ವರ್ಷಗಳಿಂದ ಹೋಟೆಲುಗಳಲ್ಲಿ, ಮದುವೆ ಕೇಟರಿಂಗ್‌ಗಳಲ್ಲಿ "ಸಾಂಪ್ರದಾಯಿಕ" ಎಂಬ ಹೆಸರಿನಲ್ಲಿ ತಾಮ್ರ, ಹಿತ್ತಾಳೆ ಮತ್ತೆ ಬಂದಿದೆ. ಟೇಬಲಿನ ಮೇಲೆ ತಾಮ್ರದ ತಂಬಿಗೆ, ಬುಫೆಯಲ್ಲಿ ಹಿತ್ತಾಳೆಯ ಕೊಳಗ. ನೋಡಲು ಚೆಂದ, ಫೋಟೋಗೆ ಇನ್ನೂ ಚೆಂದ. ಆದರೆ ಊರಿನಲ್ಲಿ ನಮ್ಮ ಅಜ್ಜಿಯಂದಿರು ಹಿತ್ತಾಳೆ ಪಾತ್ರೆ ಬಳಸುತ್ತಿದ್ದರು ಎಂದು ಹೇಳುವವರು, ಅದೇ ಅಜ್ಜಿಯಂದಿರು ಕಲಾಯಿಗಾರನ ಕೂಗು ಕೇಳಿದರೆ ಅಟ್ಟದಿಂದ ಪಾತ್ರೆ ಇಳಿಸಿ ಓಡುತ್ತಿದ್ದರು ಎಂಬುದನ್ನು ಮರೆಯುತ್ತಾರೆ.

ಸಾದಾ ನೀರನ್ನು ತಾಮ್ರದ ತಂಬಿಗೆಯಲ್ಲಿ ಇಟ್ಟರೆ ಇಳಿಯುವ ತಾಮ್ರ ಅಲ್ಪ. ಹುಳಿ ಬಂದಾಗ ಕಥೆ ಬೇರೆ. ಹುಣಸೆ, ನಿಂಬೆ, ಟೊಮೆಟೊ, ಕೋಕಮ್, ಮೊಸರು, ಮಜ್ಜಿಗೆ, ಇವುಗಳಲ್ಲಿ ಆಮ್ಲವಿದೆ. ತಾಮ್ರವನ್ನು ಆಮ್ಲ ಒಂದೇ ಅಷ್ಟು ಸುಲಭವಾಗಿ ಕರಗಿಸದು. ಆದರೆ ಗಾಳಿಯ ಆಮ್ಲಜನಕ ಜತೆಗಿರುತ್ತದೆ, ಅದು ತಾಮ್ರದ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಎರಡು ಎಲೆಕ್ಟ್ರಾನು ಕಳೆದುಕೊಂಡ ತಾಮ್ರ ಅಯಾನಾಗಿ ಸಾರಿಗೆ ಇಳಿಯುತ್ತದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ, ಅದರಲ್ಲಿ ಸತು ತಾಮ್ರಕ್ಕಿಂತಲೂ ಬೇಗ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ. ಪಾತ್ರೆಯ ಬಾಯಿಯಲ್ಲಿ ಹಸಿರಾಗಿ ಕಾಣುವ ಕಿಲುಬು ಇಂಥ ತಾಮ್ರದ ಉಪ್ಪುಗಳೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಲೋಹದ ಚೂರು ಆಹಾರಕ್ಕೆ ಬಿದ್ದರೆ ಕಾಣುತ್ತದೆ, ಹಲ್ಲಿಗೆ ಸಿಗುತ್ತದೆ, ಸೋಸಿದರೆ ಹೋಗುತ್ತದೆ. ಅಯಾನು ಹಾಗಲ್ಲ. ಉಪ್ಪು ಸಾರಿನಲ್ಲಿ ಹೇಗೆ ಸೇರಿಹೋಗುತ್ತದೋ ಹಾಗೇ ತಾಮ್ರವೂ ಸೇರಿರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು, ಎಷ್ಟು ಕುದಿಸಿದರೂ ಹೋಗದು, ಕುದಿಸಿದಷ್ಟೂ ಗಟ್ಟಿಯಾಗುತ್ತದೆ. ಒಗರು ಒಗರು, ಲೋಹದ ರುಚಿ ಬಂದಿತೆಂದರೆ ಆ ಪಾತ್ರೆಯನ್ನು ಚೆಲ್ಲುವುದು ಒಂದೇ ದಾರಿ. ಮಸಾಲೆ ಹಾಕಿ ರುಚಿ ಮುಚ್ಚುವ ಭಟ್ಟರಿದ್ದರೆ ಅವರಿಗೆ ಇದನ್ನು ತಿಳಿಹೇಳಬೇಕು. ತಾಮ್ರ ಹೆಚ್ಚಾದ ಆಹಾರ ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಓಕರಿಕೆ, ವಾಂತಿ, ಹೊಟ್ಟೆನೋವು ಬರುತ್ತದೆ. ಮದುವೆ ಮನೆಯಲ್ಲಿ ಮಜ್ಜಿಗೆ ಕುಡಿದು ನೂರು ಜನ ಮಲಗಿದರೆ ಕೇಟರರ್‌ಗೆ ಮುಂದಿನ ಮುಹೂರ್ತದ ಆರ್ಡರ್ ಎಲ್ಲಿಂದ ಬಂದೀತು?

ಸರಿಯಾಗಿ ಕಲಾಯಿ ಮಾಡದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿಟ್ಟ ಆಹಾರ ತಿನ್ನಲು ಯೋಗ್ಯವಲ್ಲವೆಂದು ಹಿಂದಿನ ಆಹಾರ ಕಲಬೆರಕೆ ತಡೆ ನಿಯಮಗಳಲ್ಲೇ ಇತ್ತು. ಹೊಸ ಆಹಾರ ಸುರಕ್ಷತೆ ಕಾಯ್ದೆಯಡಿ 2011ರಲ್ಲಿ ನಿಬಂಧನೆಗಳು ಬಂದಾಗಲೂ ಆ ಮಾತನ್ನು ಸೇರಿಸಿದರು. ತುಕ್ಕು ಹಿಡಿದ ಡಬ್ಬಗಳೂ ಅದೇ ಸಾಲಿನಲ್ಲಿದ್ದವು. ಇನ್ಸ್‌ಪೆಕ್ಟರ್ ಬಂದಾಗ ಅಟ್ಟಕ್ಕೆ ಏರಿಸಿ, ಹೋದ ಮೇಲೆ ಇಳಿಸುವುದು ನಮ್ಮವರಿಗೆ ಶೋಭೆಯಲ್ಲ.

ಕಲಾಯಿ ಮಾಡುವುದೆಂದರೆ ತಾಮ್ರಕ್ಕೂ ಹುಳಿಗೂ ನಡುವೆ ತವರದ ಗೋಡೆ ಕಟ್ಟುವುದು. ಕಲಾಯಿಗಾರನು ಪಾತ್ರೆಯನ್ನು ಉಜ್ಜಿ ತೊಳೆದು, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚುತ್ತಾನೆ. ಬಿಳಿ ಹೊಗೆ ಏಳುತ್ತದೆ. ಆ ಕಾವಿಗೆ ನವಸಾಗರದಿಂದ ಆಮ್ಲ ಬಿಡುಗಡೆಯಾಗಿ ತಾಮ್ರದ ಮೇಲಿನ ಕಿಲುಬನ್ನು ತೆಗೆದುಹಾಕುತ್ತದೆ. ತವರ 232 ಡಿಗ್ರಿಯಲ್ಲೇ ಕರಗುವುದರಿಂದ, ಅದನ್ನು ಬಿಸಿ ಪಾತ್ರೆಗೆ ತಾಗಿಸಿ ಹತ್ತಿಯಿಂದ ಸರ್ರನೆ ಸವರಿದರೆ ಕನ್ನಡಿಯಂತೆ ಹರಡುತ್ತದೆ. ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗದು. ಅಷ್ಟು ಕಡಿಮೆ ಕಾವಿಗೆ ಕರಗುವ ಕಾರಣಕ್ಕೇ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಬಿಡಬಾರದು, ಸ್ಟೀಲಿನ ತಂತಿ ಜುಂಗಿನಿಂದ ಉಜ್ಜಲೂಬಾರದು. ಒಳಗೆ ಕೆಂಪೋ ಹಳದಿಯೋ ಇಣುಕಿತೆಂದರೆ ಮತ್ತೆ ಕಲಾಯಿ ಆಗಬೇಕು, ವರ್ಷಕ್ಕೊಮ್ಮೆ ಎಂಬ ಲೆಕ್ಕ ಬೇಡ. ಕೆಲವು ಕಡೆ ದುಡ್ಡು ಉಳಿಸಲು ತವರಕ್ಕೆ ಸೀಸ ಬೆರೆಸುತ್ತಾರೆ. ಸೀಸದ ಅಯಾನು ತಾಮ್ರದಂತೆ ವಾಂತಿ ಮಾಡಿಸಿ ಎಚ್ಚರಿಸುವುದಿಲ್ಲ, ಸದ್ದಿಲ್ಲದೆ ದೇಹದಲ್ಲಿ ಕೂಡಿಕೊಳ್ಳುತ್ತದೆ, ಮಕ್ಕಳ ಮೆದುಳಿಗೆ ಪೆಟ್ಟು. ಆದ್ದರಿಂದ ಶುದ್ಧ ತವರವನ್ನು ನಂಬಿಕೆಯ ಅಂಗಡಿಯಿಂದ ನಾವೇ ತಂದುಕೊಟ್ಟು ಎದುರಿನಲ್ಲಿ ನಿಂತು ಮಾಡಿಸುವುದು ಲೇಸು.

ಅಲ್ಯೂಮಿನಿಯಂ ಮೂರು ಎಲೆಕ್ಟ್ರಾನುಗಳನ್ನು ಬಹಳ ಸಲೀಸಾಗಿ ಬಿಟ್ಟುಕೊಡುವ ಲೋಹ. ಹಾಗಿದ್ದರೆ ನಮ್ಮ ಟೋಪುಗಳೆಲ್ಲ ಇಷ್ಟರಲ್ಲಿ ಕರಗಬೇಕಿತ್ತಲ್ಲ? ಗಾಳಿ ತಾಗಿದೊಡನೆ ಅದರ ಮೈಮೇಲೆ ತೆಳ್ಳಗಿನ ಗಟ್ಟಿ ಚರ್ಮವೊಂದು ಬೆಳೆದು ಒಳಗಿನದನ್ನು ಕಾಪಾಡುತ್ತದೆ. ಹುಳಿಯೂ ಉಪ್ಪೂ ಸೇರಿ ಬಹಳ ಹೊತ್ತು ನಿಂತರೆ ಆ ಚರ್ಮ ಸವೆಯುತ್ತದೆ. ವಾಷಿಂಗ್ ಸೋಡಾ ಕೂಡ ಅದನ್ನು ತಿನ್ನುತ್ತದೆ, ಸೋಡಾ ಹಾಕಿ ತೊಳೆದ ಪಾತ್ರೆ ಕಪ್ಪಾಗುವುದು ಅದಕ್ಕೇ. ಅನ್ನ ಬೇಯಿಸಲು, ನೀರು ಕಾಯಿಸಲು ತೊಂದರೆಯಿಲ್ಲ. ಸಾಂಬಾರು, ರಸಂ, ಟೊಮೆಟೊ ಗ್ರೇವಿ ಮಾಡಿ ರಾತ್ರಿಯಿಡೀ ಅದರಲ್ಲೇ ಇಡುವುದು ಬೇಡ.

ಬುಫೆ ಮಾಡುವವರು ಸ್ಟೀಲ್ ಟ್ರೇಗೆ ಪನೀರ್ ಗ್ರೇವಿ ತುಂಬಿ ಮೇಲೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ಇಡುತ್ತಾರೆ. ಮರುದಿನ ನೋಡಿದರೆ ಗ್ರೇವಿ ತಾಗಿದ ಕಡೆಯಲ್ಲೆಲ್ಲ ಫಾಯಿಲಿನಲ್ಲಿ ಸೂಜಿ ಚುಚ್ಚಿದಂತೆ ತೂತು, ಗ್ರೇವಿಯ ಮೇಲೆ ಬೂದು ಚುಕ್ಕೆ. ಹುಡುಗರು ಫಾಯಿಲ್ ಕಂಪನಿಯನ್ನು ಬೈಯುತ್ತಾರೆ. ಅಲ್ಲಿ ನಡೆದದ್ದು ಟಾರ್ಚಿನ ಸೆಲ್ಲಿನೊಳಗಿನ ಕೆಲಸವೇ: ಎರಡು ಬೇರೆ ಲೋಹ, ನಡುವೆ ಉಪ್ಪು ಹುಳಿಯ ದ್ರವ. ಅಲ್ಯೂಮಿನಿಯಂ ಎಲೆಕ್ಟ್ರಾನು ಬಿಡುತ್ತದೆ, ಅವು ಟ್ರೇಯ ಅಂಚಿನ ಮೂಲಕ ಸ್ಟೀಲಿಗೆ ಹೋಗುತ್ತವೆ, ಅಲ್ಯೂಮಿನಿಯಂ ಅಯಾನಾಗಿ ಗ್ರೇವಿಗೆ ಇಳಿಯುತ್ತದೆ. ಸ್ಟೀಲ್ ಟ್ರೇಗೆ ಸ್ಟೀಲ್ ಮುಚ್ಚಳವನ್ನೇ ಹಾಕಿದರೆ ಇದರ ತಂಟೆಯಿಲ್ಲ.

ಸ್ಟೀಲಿಗೂ ಒಂದು ಶತ್ರುವಿದೆ. ಅದರಲ್ಲಿರುವ ಕ್ರೋಮಿಯಂ ಮೈಮೇಲೆ ಕಾಪಿನ ಪದರ ಕಟ್ಟುತ್ತದೆ. 304 ದರ್ಜೆಯ ಸ್ಟೀಲಿನಲ್ಲಿ ಕ್ರೋಮಿಯಂ ಸುಮಾರು 18, ನಿಕ್ಕಲ್ ಸುಮಾರು 8 ಶೇಕಡ. ಉಪ್ಪಿನ ಕ್ಲೋರೈಡ್ ಅಯಾನು ಈ ಪದರವನ್ನು ಚುಕ್ಕೆ ಚುಕ್ಕೆಯಾಗಿ ತೂತು ಮಾಡುತ್ತದೆ. ತಣ್ಣೀರಿಗೆ ಉಪ್ಪು ಸುರಿದರೆ ಅದು ತಳದಲ್ಲಿ ಕೂತು ಅಲ್ಲೇ ಕೊರೆಯುತ್ತದೆ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕಲಸುವ ಹಳೆಯ ಭಟ್ಟರ ಕ್ರಮವೇ ಸರಿ. ದೋಸೆ ಕಾವಲಿಯ ಕಬ್ಬಿಣದ ಬಗ್ಗೆ ಹೆದರಿಕೆ ಬೇಡ. ಎಣ್ಣೆ ಹೀರಿ ಪಳಗಿದ ಕಾವಲಿಯಿಂದ ಇಳಿಯುವುದು ಕಡಿಮೆ, ಇಳಿದರೂ ಕಬ್ಬಿಣ ರಕ್ತಕ್ಕೆ ಬೇಕಾದದ್ದೇ.

ಬೇಳೆ ಬೇಯದ ನೀರು

ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಎರಡು ಎಲೆಕ್ಟ್ರಾನು ಕಳೆದುಕೊಂಡ ಅಯಾನುಗಳು ಹೆಚ್ಚಿರುವ ನೀರೇ ಗಡಸು ನೀರು. ಐ.ಎಸ್. 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿಗೆ, 600 ಕೊನೆಯ ಮಿತಿ. ಈ ನೀರಿನಲ್ಲಿ ತೊಗರಿ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಕಾಳು ಕಾಳಾಗಿ ನಿಲ್ಲುತ್ತದೆ. ಬೇಳೆಯ ಸಿಪ್ಪೆ, ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿಗೆ ಎರಡು ಕೈಯ ಕ್ಯಾಲ್ಸಿಯಂ ಗಂಟು ಹಾಕುತ್ತದೆ. ಒಂದೇ ಕೈಯ ಸೋಡಿಯಂಗೆ ಆ ಶಕ್ತಿಯಿಲ್ಲ. ಚಿಟಿಕೆ ಸೋಡಾ ಹಾಕಿದರೆ ಬೇಳೆ ಬೇಯುವ ಗುಟ್ಟಿನಲ್ಲಿ ಇದೂ ಸೇರಿದೆ. ಚಹಾದ ಮೇಲೆ ಕೆನೆಯಲ್ಲದ ಒಂದು ಮಬ್ಬು ಪೊರೆ ಕಟ್ಟುವುದಕ್ಕೂ ಈ ನೀರೇ ಕಾರಣ.

ನೀರು ಕಾದಾಗ ಕ್ಯಾಲ್ಸಿಯಂ ಅಯಾನು ಕಾರ್ಬೊನೇಟ್ ಅಯಾನಿನೊಡನೆ ಸೇರಿ ಕಲ್ಲಾಗುತ್ತದೆ. ಸ್ಟೀಮರಿನ, ಬಾಯ್ಲರಿನ ಒಳಗೋಡೆಯ ಬಿಳಿ ಪದರ ಅದೇ. ಸುಣ್ಣದ ಕಲ್ಲು ಕಾವನ್ನು ಲೋಹದಷ್ಟು ಬೇಗ ದಾಟಿಸುವುದಿಲ್ಲ. ಅಂದರೆ ಉರಿಯುವ ಗ್ಯಾಸು ಇಡ್ಲಿಗೆ ತಲುಪುವ ಬದಲು ಕಲ್ಲಿಗೂ ಹೊಗೆಗೂ ಹೋಗುತ್ತದೆ, ಎಲೆಕ್ಟ್ರಿಕ್ ಆದರೆ ಕಾಯಿಲ್ ಸುಡುತ್ತದೆ. ಈ ಪದರವನ್ನು ನಿಂಬೆ ಉಪ್ಪಿನ ಬಿಸಿ ದ್ರಾವಣ ಕರಗಿಸಿ ಕ್ಯಾಲ್ಸಿಯಂ ಅನ್ನು ಮತ್ತೆ ನೀರಿಗೆ ಇಳಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆಯಬೇಕು. ಅಲ್ಯೂಮಿನಿಯಂ ಸ್ಟೀಮರಿನಲ್ಲಿ ಬಹಳ ಹೊತ್ತು ಬಿಟ್ಟರೆ ಹುಳಿ ಪಾತ್ರೆಯನ್ನೂ ತಿನ್ನುತ್ತದೆ.

ಸಾಫ್ಟನರ್ ಯಂತ್ರದ ಒಳಗೆ ರೆಸಿನ್ ಎಂಬ ಸಣ್ಣ ಮಣಿಗಳಿವೆ, ಅವು ಸೋಡಿಯಂ ಅಯಾನುಗಳನ್ನು ಹಿಡಿದುಕೊಂಡಿರುತ್ತವೆ. ನೀರು ಹಾಯುವಾಗ ಒಂದು ಕ್ಯಾಲ್ಸಿಯಂ ಮಣಿಗೆ ಅಂಟಿದರೆ ಎರಡು ಸೋಡಿಯಂ ನೀರಿಗೆ ಇಳಿಯಬೇಕು. ಎರಡು ಎಲೆಕ್ಟ್ರಾನಿನ ಲೆಕ್ಕ ಎರಡರಲ್ಲೇ ಚುಕ್ತಾ ಆಗಬೇಕಲ್ಲ. ಮಣಿಗಳೆಲ್ಲ ಕ್ಯಾಲ್ಸಿಯಂನಿಂದ ತುಂಬಿದಾಗ ಗಟ್ಟಿ ಉಪ್ಪುನೀರು ಹರಿಸುತ್ತೇವೆ. ಆಗ ಸೋಡಿಯಂ ಗುಂಪು ನುಗ್ಗಿ ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತದೆ. ಇದಕ್ಕೆ ಅಯೋಡಿನ್ ಹಾಕಿದ ಪ್ಯಾಕೆಟ್ ಉಪ್ಪು ಬೇಕಿಲ್ಲ, ಸಾಫ್ಟನರಿಗೆಂದೇ ಸಿಗುವ ಕಲ್ಲುಪ್ಪು ಸಾಕು. ಸಾಫ್ಟನರ್ ಹಾಕಿದ ಮೇಲೂ ಟಿ.ಡಿ.ಎಸ್. ಇಳಿಯಲಿಲ್ಲ ಎಂದು ಜಗಳ ಮಾಡುವವರಿದ್ದಾರೆ. ಇಳಿಯುವುದಿಲ್ಲ. ಒಂದು ಅಯಾನು ಹೋಗಿ ಇನ್ನೊಂದು ಬಂದಿದೆಯೇ ಹೊರತು ನೀರು ಖಾಲಿಯಾಗಿಲ್ಲ. ಸೋಪು ಚೆನ್ನಾಗಿ ನೊರೆ ಬಂದರೆ ಯಂತ್ರ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. 500 ಗಡಸುತನದ ನೀರನ್ನು ಮೆದು ಮಾಡಿದಾಗ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಾಯ್ಲರಿಗೆ, ಪಾತ್ರೆ ತೊಳೆಯಲು ಇದು ಒಳ್ಳೆಯದು. ಬಿ.ಪಿ. ಇರುವ ಗಿರಾಕಿಗಳಿಗೆ ಕುಡಿಯಲು ಕೊಡುವ ನೀರಿನ ಪೈಪನ್ನು ಬೇರೆ ಇಡಬೇಕು.

ಕೊನೆಗೆ ಮೋರಿಯ ಒಂದು ವಿಷಯ. ಉಪ್ಪಿನಲ್ಲಿ ಸಾಧುವಾಗಿದ್ದ ಕ್ಲೋರೈಡ್ ಅಯಾನು ಪಡೆದ ಎಲೆಕ್ಟ್ರಾನನ್ನು ಮತ್ತೆ ಕಳೆದುಕೊಂಡರೆ ಅದೇ ವಿಷದ ಕ್ಲೋರಿನ್ ಅನಿಲವಾಗಿ ಎದ್ದುಬರುತ್ತದೆ. ಸಂಡಾಸ್ ತೊಳೆಯುವ ಆಸಿಡ್ಡಿನ ಮೇಲೆ ಬ್ಲೀಚಿಂಗ್ ಪೌಡರ್ ಎರಚಿದಾಗ ಆಗುವುದು ಇದೇ. ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಶುಭ್ರವಾಗುತ್ತದೆ ಎಂದು ನಂಬಿದ ಕ್ಲೀನರ್ ಹುಡುಗರು ಬಹಳ ಮಂದಿ ಇದ್ದಾರೆ. ಕಿಟಕಿಯಿಲ್ಲದ ಇಕ್ಕಟ್ಟಿನ ಸಂಡಾಸಿನಲ್ಲಿ ಇದು ಪ್ರಾಣಕ್ಕೇ ಅಪಾಯ. ಎರಡು ಡಬ್ಬಗಳನ್ನು ಬೇರೆ ಬೇರೆ ಕಡೆ ಇಟ್ಟು, ಹುಡುಗರಿಗೆ ಅವರವರ ಭಾಷೆಯಲ್ಲಿ, ಹಿಂದಿಯೋ ತುಳುವೋ ಬಂಗಾಲಿಯೋ, ಮಾಲೀಕರೇ ಹೇಳಿಕೊಡಬೇಕು. ಕಣ್ಣು ಗಂಟಲು ಉರಿಯುವ ವಾಸನೆ ಬಂದರೆ ಉಜ್ಜುತ್ತಾ ಕೂರದೆ ತಕ್ಷಣ ಹೊರಗೆ ಗಾಳಿಗೆ ಬರಬೇಕು.

ಕಲಾಯಿಗಾರರು ಈಗ ಎಲ್ಲ ಕಡೆ ಸಿಗುತ್ತಿಲ್ಲ. ತಮ್ಮ ಬಡಾವಣೆಯಲ್ಲಿ ಶುದ್ಧ ತವರದಿಂದ ಕೆಲಸ ಮಾಡುವವರು ಗೊತ್ತಿದ್ದರೆ, ಅವರ ಒಪ್ಪಿಗೆ ಪಡೆದು ವಿವರವನ್ನು ಸಂಘದ ಕಚೇರಿಗೆ ತಿಳಿಸಬೇಕೆಂದು ಸದಸ್ಯ ಬಂಧುಗಳಲ್ಲಿ ಕೋರುತ್ತೇವೆ. ಬಂದ ಪಟ್ಟಿಯನ್ನು ಮದುವೆಯ ಸೀಸನ್ನಿಗೆ ಮೊದಲೇ ಎಲ್ಲರಿಗೂ ತಲುಪಿಸುವಂತೆ ಸಂಪಾದಕರನ್ನು ಕೇಳಿಕೊಂಡಿದ್ದೇವೆ.